‘ಗುಂಪು ಯೋಜನಾ ವರದಿ’: ಮಂಡಿಸುವುದೋ, ಒಪ್ಪಿಸುವುದೋ?

ಪದಪ್ರಿಯರೇ,

ಸಮಾಜಕಾರ್ಯ ಸ್ನಾತಕೋತ್ತರ ತರಗತಿಯ ಐವರು ಸೇರಿ ಬರೆದ ವರದಿಯೊಂದು ತಿದ್ದುಪಡಿಗೆಂದು ನನ್ನ ಬಳಿ ಬಂದಿದೆ. ಒಳಗಿನ 80 ಪುಟಗಳು ಅಷ್ಟಾಗಿ ಕಾಡಲಿಲ್ಲ. ಮುಖಪುಟದ ಮೂರು ಪದಗಳು ಎರಡು ದಿನದಿಂದ ಕಾಡುತ್ತಿವೆ: ‘ಗುಂಪು ಯೋಜನಾ ವರದಿ’.

‘ಗುಂಪು’ ಬೇಗ ಬಗೆಹರಿಯಿತು. ಗುಂಪು ಸೇರುತ್ತದೆ, ಚದುರುತ್ತದೆ. ಕೆಲಸ ಹಂಚಿಕೊಂಡು ಮಾಡುವುದು ತಂಡ. (ಐವರಲ್ಲಿ ಬರೆದವರು ಇಬ್ಬರೇ ಎಂಬುದು ವಾಕ್ಯಗಳ ಧಾಟಿಯಲ್ಲೇ ಗೊತ್ತಾಗುತ್ತದೆ. ಆ ಲೆಕ್ಕಕ್ಕೆ ‘ಗುಂಪು’ ಎಂದೇ ಬಿಡಬಹುದಿತ್ತು.)

ತೊಡಕಿರುವುದು ‘ಯೋಜನೆ’ಯಲ್ಲಿ. ಪ್ರಾಜೆಕ್ಟ್, ಪ್ಲಾನ್, ಸ್ಕೀಮ್ ಮೂರಕ್ಕೂ ಈ ಒಂದೇ ಪದವನ್ನು ದುಡಿಸುತ್ತಿದ್ದೇವೆ. 1951ರ ಪಂಚವಾರ್ಷಿಕ ಯೋಜನೆಯಿಂದ ಗೃಹಲಕ್ಷ್ಮಿ ಯೋಜನೆಯವರೆಗೆ ಜನರ ಕಿವಿಗೆ ಬಿದ್ದಿರುವುದೆಲ್ಲ ಸರ್ಕಾರದ ಯೋಜನೆಯೇ. ಪತ್ರಿಕೆ ಓದುವವರಿಗೆ ‘ಯೋಜನಾ ವರದಿ’ ಎಂದರೆ ಮೇಕೆದಾಟು ಅಣೆಕಟ್ಟಿನ ಡಿಪಿಆರ್ (ವಿಸ್ತೃತ ಯೋಜನಾ ವರದಿ). ಈ ವಿದ್ಯಾರ್ಥಿಗಳು ಹಳ್ಳಿಯೊಂದರಲ್ಲಿ ಮನೆ ಮನೆಗೆ ಹೋಗಿ ‘ನಮ್ಮ ಯೋಜನೆಗೆ ಮಾಹಿತಿ ಬೇಕು’ ಎಂದಾಗ, ಅಜ್ಜಿಯೊಬ್ಬರು ಟ್ರಂಕಿನಿಂದ ಪ್ಲಾಸ್ಟಿಕ್ ಚೀಲ ತೆಗೆದು ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ ಮೂರನ್ನೂ ಜಗುಲಿಯ ಮೇಲೆ ಹರಡಿದರಂತೆ. ‘ತಿಂಗಳಿಗೆ ಎಷ್ಟು ಬರುತ್ತದೆ?’ ಎಂದು ಕೇಳಿದರಂತೆ. ತಪ್ಪು ಅಜ್ಜಿಯದಲ್ಲ.

ಶಾಲೆಗಳ ‘ಯೋಜನಾ ಕಾರ್ಯ’ ಇದೆಯಲ್ಲ ಎನ್ನಬಹುದು. ಕಾರ್ಯ ಸೇರಿಸಿದ ಮಾತ್ರಕ್ಕೆ ಯೋಜನೆಯ ಸರ್ಕಾರಿ ಗಂಟು ಬಿಚ್ಚುವುದಿಲ್ಲ. ನನ್ನ ಒಲವು ‘ತಂಡದ ಅಧ್ಯಯನ ವರದಿ’ಯ ಕಡೆಗೆ. ಆದರೆ ಎಂಜಿನಿಯರಿಂಗ್ ಹುಡುಗರು ಒಂದು ಯಂತ್ರವನ್ನೋ ತಂತ್ರಾಂಶವನ್ನೋ ಕಟ್ಟಿ ವರದಿ ಬರೆದರೆ ಅದನ್ನು ಅಧ್ಯಯನ ಎನ್ನುವುದು ಹೇಗೆ? ಅಲ್ಲಿ ‘ಪ್ರಾಜೆಕ್ಟ್ ವರದಿ’ ಎಂದು ಬರೆದು ಸುಮ್ಮನಾಗುವುದೇ ಮೇಲೆ?

ಇನ್ನು ಕ್ರಿಯಾಪದ. ‘ಈ ವರದಿಯನ್ನು ವಿಭಾಗದಲ್ಲಿ ಪ್ರಸ್ತುತಪಡಿಸಲಾಯಿತು’ ಎಂದು ಬರೆದಿದ್ದಾರೆ. ಪ್ರಸ್ತುತ ಎಂದರೆ ನಮಗೆ ಸದ್ಯದ್ದು, ಸಂದರ್ಭಕ್ಕೆ ಒಪ್ಪುವಂಥದ್ದು. ಅದರ ಎದುರು ಅಪ್ರಸ್ತುತ. ‘ಪ್ರಸ್ತುತಪಡಿಸು’ವಿನಲ್ಲಿ ನನಗೆ ಹಿಂದಿಯ ಘಾಟು ಬಡಿಯುತ್ತದೆ. ಅದಕ್ಕಿಂತ ವಿಧಾನಸೌಧದ ಕನ್ನಡ ಎಷ್ಟೋ ಖಚಿತ: ಸಮಿತಿ ಸರ್ಕಾರಕ್ಕೆ ವರದಿ ‘ಸಲ್ಲಿಸುತ್ತದೆ’, ಸರ್ಕಾರ ಅದನ್ನು ಸದನದಲ್ಲಿ ‘ಮಂಡಿಸುತ್ತದೆ’. ವಿದ್ಯಾರ್ಥಿಗಳದ್ದೂ ಇವೇ ಎರಡು ಕೆಲಸ. ಬೈಂಡ್ ಮಾಡಿದ ಪ್ರತಿಯನ್ನು ಕಚೇರಿಗೆ ಸಲ್ಲಿಸಬೇಕು, ಪರೀಕ್ಷಕರ ಮುಂದೆ ನಿಂತು ಮಂಡಿಸಬೇಕು. ಖಂಡನ-ಮಂಡನದ ‘ಮಂಡನ’ ಇಲ್ಲಿ ಚೆನ್ನಾಗಿ ಕೂರುತ್ತದೆ, ಏಕೆಂದರೆ ಪ್ರಶ್ನೆ ಎದ್ದಾಗ ಹೇಳಿದ್ದನ್ನು ಸಮರ್ಥಿಸಿಕೊಳ್ಳುವ ಹೊಣೆಯೂ ಅದರೊಳಗಿದೆ. ಯಕ್ಷಗಾನ ಕೇಳಿ ಬೆಳೆದವರಿಗೆ ಸಿಂಹಾಸನದಲ್ಲಿ ಮಂಡಿಸಿದ ದೊರೆ ನೆನಪಾದಾನು. ಕುಳಿತುಕೊಳ್ಳುವ ಆ ಮಂಡಿಸುವಿಕೆ ಬೇರೆ.

‘ಒಪ್ಪಿಸು’ ಕೂಡ ಇದೆ, ಮಗ್ಗಿ ಒಪ್ಪಿಸಿದ ಹಾಗೆ. ಗೋಡೆಯ ಮೇಲೆ ಮೂಡಿದ ಸ್ಲೈಡನ್ನೇ ನಾಲ್ವರು ಸರದಿಯಂತೆ ಓದಿ, ಐದನೆಯವನು ಧನ್ಯವಾದ ಹೇಳಿ ಕುಳಿತದ್ದನ್ನು ನೋಡಿದ ಮೇಲೆ ನನಗೆ ಹೊಳೆದ ಪದ ಅದೇ. ವರದಿಯಲ್ಲಿ ಹಾಗೆ ಬರೆಯುವಂತಿಲ್ಲ.

ನಿಮ್ಮ ಕಡೆಯ ಕಾಲೇಜುಗಳಲ್ಲಿ ಮುಖಪುಟದ ಮೇಲೆ ಏನೆಂದು ಬರೆಯುತ್ತಾರೆ? ಯೋಜನೆಯನ್ನು ಬಿಟ್ಟು ಪ್ರಾಜೆಕ್ಟಿಗೆ ಬೇರೆ ಪದ ಬಳಸುವವರಿದ್ದರೆ ತಿಳಿಸಿ. ಪ್ರತಿಗಳು ಶುಕ್ರವಾರ ಬೈಂಡಿಂಗ್‌ಗೆ ಹೋಗುತ್ತವೆ.