ಒಂದೇ ಹಗಲು, ಮಂಡಿನೋವಿನ ಅಮ್ಮ: ಚಿಕ್ಕಮಗಳೂರಿನಲ್ಲಿ ಯಾವುದನ್ನು ಬಿಡಲಿ?

ಹಿರಿಯೂರಿನ ಮಗಳು: ಭಾನುವಾರ ಚಿಕ್ಕಮಗಳೂರಿನಲ್ಲಿ ನಮಗೆ ಸಿಗುವುದು ಒಂದೇ ಹಗಲು. ಅಮ್ಮನಿಗೆ 71 ವರ್ಷ, ಮಂಡಿನೋವು. ಮಗನಿಗೆ ಆರು, ತಿರುವಿನ ರಸ್ತೆಯಲ್ಲಿ ವಾಂತಿ ಮಾಡಿಕೊಳ್ಳುತ್ತಾನೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ, ಹಿರೇಕೊಳಲೆ ಕೆರೆ ಎಂದು ಬರೆದುಕೊಂಡಿದ್ದೇನೆ. ರಾತ್ರಿ ಮನೆ ಸೇರಬೇಕು.

ಸಖರಾಯಪಟ್ಟಣದವನು: ಬಾಬಾಬುಡನ್‌ಗಿರಿ, ಮಾಣಿಕ್ಯಧಾರಾ ಎರಡನ್ನೂ ಬಿಡಿ, ಅವಕ್ಕೆ ಬೇರೆಯದೇ ದಿನ ಬೇಕು. ವಾಹನವನ್ನು ಆನ್‌ಲೈನ್‌ನಲ್ಲಿ ಮೊದಲೇ ನೋಂದಾಯಿಸಿ, ಬೆಳಗಾಗುತ್ತಲೇ ಗಿರಿಗೆ ಹೊರಡಿ. ಹುಡುಗನಿಗೆ ಒಂದು ಇಡ್ಲಿ ಸಾಕು, ಹಾಲು ಬೇಡ. ಮುಳ್ಳಯ್ಯನಗಿರಿಯ ಮೆಟ್ಟಿಲುಗಳು ಅಮ್ಮನಿಗೆ ಆಗುವುದಿಲ್ಲ. ಅವರನ್ನು ದಾರಿಯಲ್ಲೇ ಸಿಗುವ ಸೀತಾಳಯ್ಯನಗಿರಿಯ ದೇವಸ್ಥಾನದ ಬಳಿ ಕೂರಿಸಿ, ಒಬ್ಬರು ಜೊತೆಗಿರಿ. ಶಾಲು ಮರೆಯಬೇಡಿ, ಅಲ್ಲಿ ಗಾಳಿ ಕಿವಿಗೇ ನುಗ್ಗುತ್ತದೆ.

ಮಧ್ಯಾಹ್ನದ ನಂತರ ಅಯ್ಯನಕೆರೆಗೆ ಬನ್ನಿ. ನಿಮ್ಮ ಪಟ್ಟಿಯಲ್ಲಿ ಅದೇ ಇಲ್ಲವಲ್ಲ! ಕಡೂರು ರಸ್ತೆಯಲ್ಲಿ ಸಖರಾಯಪಟ್ಟಣದಿಂದ ಒಳಗೆ ತಿರುಗಬೇಕು, ನೀವು ಊರಿಗೆ ಮರಳುವ ದಾರಿಯೇ. ಏರಿಯ ಮೇಲೆ ನಿಂತರೆ ಎದುರಿಗೆ ಶಕುನಗಿರಿ. ರುಕ್ಮಾಂಗದರಾಯ ಕಟ್ಟಿಸಿದ ಕೆರೆ ಎನ್ನುತ್ತಾರೆ, ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರವಾಯಿತು. ಬೆಳಿಗ್ಗೆ ನೀವು ನೋಡಿದ ಆ ಬೆಟ್ಟಸಾಲಿನ ಗೌರಿಹಳ್ಳವೇ ಇದನ್ನು ತುಂಬಿಸುವುದು. ಇಲ್ಲಿಂದ ಹೊರಟ ವೇದಾ ನದಿ, ಕಡೂರಿನ ಬಳಿ ಅವತಿ ನದಿಯನ್ನು ಕೂಡಿ ವೇದಾವತಿಯಾಗಿ ನಿಮ್ಮ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟಿಗೇ ಬರುತ್ತದೆ. ಅಮ್ಮನಿಗೆ ತಪ್ಪದೆ ಹೇಳಿ. ನೀರಿಗೆ ಮಾತ್ರ ಯಾರೂ ಇಳಿಯಬೇಡಿ, ಆಳವಿದೆ.

ಕಾಫಿತೋಟದ ನೆರೆಯವಳು: ಹಿರೇಕೊಳಲೆಯನ್ನು ಬಿಡಿಸಬೇಡಿ. ಪೇಟೆಯಿಂದ ಹತ್ತೇ ಕಿಲೋಮೀಟರ್, ಅಮ್ಮ ಹೆಚ್ಚು ನಡೆಯಬೇಕಿಲ್ಲ. ಗಿರಿಯಿಂದ ಇಳಿದು ಅಲ್ಲಿ ಬುತ್ತಿ ಬಿಚ್ಚಿ.

ಹಿರಿಯೂರಿನ ಮಗಳು: ಹೋಗಿ ಬಂದೆವು. ಎರಡನೆಯ ತಿರುವಿನಲ್ಲೇ ಮಗನಿಗೆ ವಾಂತಿಯಾಯಿತು, ಆಮೇಲೆ ಗೆಲುವಾದ. ಗಿರಿಯ ಮೇಲೆ ಬರೀ ಮಂಜು, ನಮ್ಮ ಕಾರೇ ನಮಗೆ ಕಾಣಲಿಲ್ಲ. ಮಗ ಹಟ ಹಿಡಿದಿದ್ದರಿಂದ ಹಿರೇಕೊಳಲೆಯಲ್ಲಿ ಬುತ್ತಿ ಉಂಡು ಬೇಗ ಎದ್ದೆವು.

ಅಯ್ಯನಕೆರೆಯ ಏರಿಯ ಮೇಲೆ ಅಮ್ಮ ಚಪ್ಪಲಿ ಬಿಟ್ಟು ಕುಳಿತರು. ವೇದಾವತಿಯ ವಿಷಯ ಹೇಳಿದೆ. ಕೈಯಲ್ಲಿದ್ದ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿ, "ನಮ್ಮ ನೀರಿನ ತವರು ಇಷ್ಟು ಹತ್ತಿರವಿತ್ತೇ? ನನ್ನನ್ನು ಯಾರೂ ಕರೆತರಲಿಲ್ಲ" ಎಂದರು. ಕತ್ತಲಾಗುವವರೆಗೂ ಏಳಲಿಲ್ಲ. ಮನೆ ಸೇರಿದಾಗ ಹನ್ನೊಂದಾಗಿತ್ತು.