ಹಣ್ಣು ನೊಣದ ಕ್ಯಾಂಟನ್-ಎಸ್, ಹಾರ್ವಿಚ್ ಕ್ರಾಸ್: ಎಫ್1 ಹೆಣ್ಣಲ್ಲಿ ಮೊಟ್ಟೆ ತುಂಬಿದೆ, ಪಿ ಎಲಿಮೆಂಟ್ ಎದ್ದಿಲ್ಲವಾ?

ಪ್ರಶ್ನೆ (ಮಂಡ್ಯ, ಎಂ.ಎಸ್ಸಿ. ಪ್ರಾಜೆಕ್ಟ್)
ಹಣ್ಣು ನೊಣದ (ಡ್ರೊಸೊಫಿಲಾ) ಎರಡು ಸ್ಟಾಕ್: ಹಾರ್ವಿಚ್‌ನಲ್ಲಿ ಪಿ ಎಲಿಮೆಂಟ್ (ಜಾಗ ಬಿಟ್ಟು ಜಾಗಕ್ಕೆ ಜಿಗಿಯುವ ಡಿಎನ್ಎ ತುಂಡು) ಇದೆ, ಕ್ಯಾಂಟನ್-ಎಸ್‌ನಲ್ಲಿ ಇಲ್ಲ. ಕ್ಯಾಂಟನ್-ಎಸ್ ವರ್ಜಿನ್ ಹೆಣ್ಣಿಗೆ ಹಾರ್ವಿಚ್ ಗಂಡು, ವೈಯಲ್‌ಗೆ 5 ಜೋಡಿ. ಇಟ್ಟಿರೋದು ಹೊರಗಡೆ ರೂಮಿನಲ್ಲೇ, 23–24 ಡಿಗ್ರಿ. ಎಫ್1 (ಮೊದಲ ತಲೆಮಾರಿನ) ಹೆಣ್ಣುಗಳನ್ನು ಬಿಡಿಸಿ ನೋಡಿದರೆ ಎರಡು ಅಂಡಾಶಯವೂ ಚೆನ್ನಾಗಿವೆ. ಉಲ್ಟಾ ಕ್ರಾಸ್‌ನಲ್ಲೂ (ಹಾರ್ವಿಚ್ ಹೆಣ್ಣು, ಕ್ಯಾಂಟನ್-ಎಸ್ ಗಂಡು) ಹಾಗೇ. ಪಿ ಎಲಿಮೆಂಟ್ ಜಿಗಿದಿಲ್ಲ ಅಂತ ಬರೆಯಬಹುದಾ?

ಉತ್ತರ 1 (ಮೈಸೂರು)
ಬರೆಯಬೇಡಿ. ಪಿ ಎಲಿಮೆಂಟ್ ಜಿಗಿದರೂ ಈ ತಂಪಿನಲ್ಲಿ ಅಂಡಾಶಯ ಸಾಮಾನ್ಯವಾಗಿ ಬೆಳೆಯುತ್ತೆ, ಬತ್ತೋದು ಬಿಸಿಯಲ್ಲಿ. ಕ್ರಾಸ್ ಹಾಕಿದ ವೈಯಲ್‌ಗಳನ್ನು ಮೊಟ್ಟೆ ಇಡುವ ಹಂತದಿಂದಲೇ 29 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿಡಿ. ಬೀಜಕೋಶಗಳು (ಮುಂದೆ ಮೊಟ್ಟೆ, ವೀರ್ಯ ಆಗುವ ಕೋಶಗಳು) ಸಾಯೋದು ಭ್ರೂಣದ ಕೊನೆ, ಎಳೆ ಮರಿಹುಳುವಿನ ಹಂತದಲ್ಲಿ. ನೊಣ ಹೊರಬಂದ ಮೇಲೆ ಬಿಸಿಗಿಟ್ಟರೆ ಅದೇ ಫಲಿತಾಂಶ ಸಿಗಲ್ಲ. ಹಾಗಂತ 30 ದಾಟಿಸಬೇಡಿ, ಕಂಟ್ರೋಲ್ ಗಂಡುಗಳೂ ಬಂಜೆಯಾಗಿ ಲೆಕ್ಕವೆಲ್ಲ ಕೆಡುತ್ತೆ. ಉಲ್ಟಾ ಕ್ರಾಸ್ ಕೂಡ ಅದೇ ಇನ್‌ಕ್ಯುಬೇಟರ್‌ನಲ್ಲಿ, ಅದೇ ದಿನ ಇರಲಿ.

ಆ ಬಿಸಿಗೆ ಮೇವು ಒಣಗಿ ಗೋಡೆ ಬಿಡುತ್ತೆ, ಒಳಗೊಂದು ತಟ್ಟೆ ನೀರಿಡಿ. ಮೇವು ನಮ್ಮ ಮಾಮೂಲಿನದೇ ಸಾಕು: 1 ಲೀಟರ್ ನೀರಿಗೆ ಬೆಲ್ಲ 100 ಗ್ರಾಂ, ಗೋಧಿ ರವೆ 100 ಗ್ರಾಂ, ಅಗರ್ 10 ಗ್ರಾಂ, ಇಳಿಸಿದ ಮೇಲೆ ಪ್ರೊಪಿಯೋನಿಕ್ ಆಮ್ಲ 7.5 ಮಿ.ಲೀ.

ಹೆಣ್ಣು ಹೊರಬಂದು ಮೂರ್ನಾಲ್ಕು ದಿನ ಯೀಸ್ಟ್ ತಿನ್ನಿಸಿ, ಆಮೇಲೆ ಬಿಡಿಸಿ. ಸರಿಯಾದ ಹೆಣ್ಣಿನಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಕಾಣುವ ಜಾಗದಲ್ಲಿ ಇಲ್ಲಿ ಬರೀ ದಾರದ ತುದಿಯಷ್ಟು ಅಂಗಾಂಶ ಉಳಿದಿರುತ್ತೆ. ಒಂದೇ ಕಡೆ ಬತ್ತಿದ್ದರೆ ಅದನ್ನು ಬೇರೆ ಕಾಲಮ್ಮಿನಲ್ಲಿ ಬರೆದುಕೊಳ್ಳಿ.

ಉತ್ತರ 2
ಉಲ್ಟಾ ಕ್ರಾಸ್ 29ರಲ್ಲೂ ಚೆನ್ನಾಗೇ ಬರಬೇಕು. ಎರಡರಲ್ಲೂ ಹೆಣ್ಣು ಮಕ್ಕಳ ಕ್ರೋಮೋಸೋಮುಗಳು ಒಂದೇ ಥರ, ವ್ಯತ್ಯಾಸ ಇರೋದು ತಾಯಿಯ ಮೊಟ್ಟೆಯಲ್ಲಿ. ಹಾರ್ವಿಚ್ ತಾಯಿ ಪಿ ಎಲಿಮೆಂಟನ್ನು ಅದುಮುವ ಪೈ-ಆರ್‌ಎನ್‌ಎಗಳನ್ನು (ಪುಟ್ಟ ಆರ್‌ಎನ್‌ಎ ತುಂಡುಗಳು) ಮೊಟ್ಟೆಗೆ ತುಂಬಿ ಕಳಿಸುತ್ತೆ. ಕ್ಯಾಂಟನ್-ಎಸ್ ತಾಯಿಯ ಹತ್ತಿರ ಅದು ಇಲ್ಲ, ಅಪ್ಪನಿಂದ ಬಂದ ಎಲಿಮೆಂಟ್‌ಗೆ ತಡೆಯೇ ಇರಲ್ಲ. ಜಿಗಿತ ಬೀಜಕೋಶಕ್ಕೆ ಸೀಮಿತ: ಪಿ ಎಲಿಮೆಂಟ್‌ನ ಆರ್‌ಎನ್‌ಎಯಿಂದ ಮೂರನೇ ಇಂಟ್ರಾನ್ (ನಡುವೆ ಬರುವ ಬೇಡದ ತುಂಡು) ಕತ್ತರಿಸಿಹೋಗಿ ಪೂರ್ತಿ ಟ್ರಾನ್ಸ್‌ಪೊಸೇಸ್ (ಎಲಿಮೆಂಟನ್ನು ಜಿಗಿಸುವ ಕಿಣ್ವ) ಆಗೋದು ಅಲ್ಲಿ ಮಾತ್ರ. ಅದಕ್ಕೇ ನೊಣ ನೋಡೋಕೆ ಆರೋಗ್ಯವಾಗಿರುತ್ತೆ.

ಉತ್ತರ 3
ಬಂಜೆತನ ಕಾಣದಿದ್ದರೂ ಜಿಗಿತ ನಡೆದಿರಬಹುದು, 25ರೊಳಗೇ ಅದನ್ನು ಹಿಡಿಯೋಕೆ ದಾರಿ ಇದೆ. ಸಿನ್ನಬಾರ್-ಬ್ರೌನ್ ಸ್ಟಾಕಿನ (ಕಣ್ಣಿನ ಬಣ್ಣದ ಎರಡು ಮ್ಯುಟೇಶನ್ ಒಟ್ಟಿಗೆ ಇರುವ, ಬಿಳಿ ಕಣ್ಣಿನ) ಹೆಣ್ಣಿಗೆ ಹಾರ್ವಿಚ್ ಗಂಡು ಹಾಕಿ. (ಆ ಸ್ಟಾಕ್ ಎಂ ಬಗೆಯದೇ, ಅಂದರೆ ಕ್ಯಾಂಟನ್-ಎಸ್ ಹಾಗೆ ಪಿ ಎಲಿಮೆಂಟ್ ಇಲ್ಲದ್ದೇ ಅಂತ ಮೊದಲು ಖಚಿತಪಡಿಸಿಕೊಳ್ಳಿ.) ಹುಟ್ಟಿದ ಗಂಡುಗಳನ್ನು ಒಂದೊಂದಾಗಿ ಅದೇ ಸ್ಟಾಕಿನ ಹೆಣ್ಣುಗಳ ಜೊತೆ ಬಿಡಿ. ಡ್ರೊಸೊಫಿಲಾ ಗಂಡಿನಲ್ಲಿ ಮಾಮೂಲಾಗಿ ಕ್ರಾಸಿಂಗ್ ಓವರ್ (ಜೋಡಿ ಕ್ರೋಮೋಸೋಮುಗಳ ತುಂಡು ಅದಲುಬದಲಾಗೋದು) ಆಗಲ್ಲ, ಮರಿಗಳ ಕಣ್ಣು ಮಾಮೂಲಿ ಕೆಂಪು ಇಲ್ಲಾ ಬಿಳಿ, ಎರಡೇ ಬರಬೇಕು. ಮಧ್ಯೆ ಕಂದು ಕಣ್ಣಿನದೋ, ಕಿತ್ತಳೆಗೆ ತಿರುಗಿದ ಹೊಳೆಯುವ ಕೆಂಪಿನದೋ ಕಂಡರೆ ಕ್ರೋಮೋಸೋಮ್ ತುಂಡಾಗಿ ಮತ್ತೆ ಸೇರಿದೆ ಅಂತ ಅರ್ಥ. ಒಂದೇ ಅಪ್ಪನಿಂದ ಅಂಥ ನಾಲ್ಕು ಮರಿ ಒಟ್ಟಿಗೆ ಬಂದರೆ ನಾಲ್ಕು ಘಟನೆ ಅಂತ ಎಣಿಸಬೇಡಿ. ಮಿಯಾಸಿಸ್‌ಗೆ (ವೀರ್ಯಾಣು ಆಗುವ ಕೋಶ ವಿಭಜನೆ) ಮುಂಚೆಯೇ ಒಂದು ಕೋಶದಲ್ಲಿ ಆದದ್ದು ಹಂಚಿಕೊಂಡು ಬಂದಿರುತ್ತೆ.