ರಾಮನವಮಿಗೆ ಅತ್ತೆ ಒಬ್ಬರೇ ಬೇರೆ ಖೋಲಿಯಲ್ಲಿ: ಭಜನೆ, ದೀಪ, ಉಪವಾಸ, ಅಕ್ಕಪಕ್ಕದವರ ಡಬ್ಬ

ಭಾಂಡುಪ್ ಸೊಸೆ
17 ಏಪ್ರಿಲ್ 2021, ಬೆಳಿಗ್ಗೆ 8.10

ನಮಸ್ಕಾರ. ನಮ್ಮದು ಮುಂಬೈಯ ಚಾಳು (ಸಾಲು ಮನೆಗಳ ಕಟ್ಟಡ), ಒಂದೇ ಖೋಲಿ, ಅಂದರೆ ಕೋಣೆ. ಅತ್ತೆಗೆ 68, ಸಕ್ಕರೆ ಕಾಯಿಲೆ ಇದೆ. ಕೊರೊನಾ ಪಾಸಿಟಿವ್ ಬಂದು ನಾಲ್ಕು ದಿನ ಆಯಿತು. ಡಾಕ್ಟರು ನೋಡಿ, ಆಕ್ಸಿಜನ್ 96-97 ಇದೆ, ಆಸ್ಪತ್ರೆ ಬೇಡ, ಬೇರೆ ಇರಲಿ ಎಂದಿದ್ದಾರೆ. ಗ್ಯಾಲರಿಯ (ಎಲ್ಲ ಖೋಲಿಗಳ ಮುಂದಿನ ಉದ್ದ ಪಡಸಾಲೆಯ) ಕೊನೆಯ ಖೋಲಿ ಖಾಲಿ ಇತ್ತು, ಅದರ ಮಾಲೀಕರು ಕೇಳುವ ಮೊದಲೇ ಬೀಗದ ಕೈ ಕೊಟ್ಟರು. ಹತ್ತು ದಿನ, ಆಮೇಲೆ ಇನ್ನೂ ಏಳು ದಿನ ಅಲ್ಲೇ.

ಊಟ, ಮಾತ್ರೆ ನಡೆಯುತ್ತಿದೆ. ಅತ್ತೆ ಕುಗ್ಗಿರುವುದು ಬೇರೆ ಕಾರಣಕ್ಕೆ. ದೇವಸ್ಥಾನ ಮುಚ್ಚಿದೆ, ಶನಿವಾರದ ಭಜನೆ ಇಲ್ಲ, "ಯಾವ ಪಾಪಕ್ಕೆ ಇದು" ಎನ್ನುತ್ತಾರೆ. ಬುಧವಾರ ರಾಮನವಮಿ. ಫೋನಿನಲ್ಲಿ ಎಲ್ಲರೂ ಸೇರಿ ಹಾಡಲು ನೋಡಿದೆವು, ಒಬ್ಬರ ದನಿ ಒಬ್ಬರ ಮೇಲೆ ಬಿದ್ದು ಕಲಸಿಹೋಯಿತು, ತಾಳವಂತೂ ಕೇಳಲೇ ಇಲ್ಲ. ಅಕ್ಕಪಕ್ಕದವರು "ಅಮ್ಮನ ಬಾಗಿಲ ಮುಂದೆ ಗ್ಯಾಲರಿಯಲ್ಲಿ ನಿಂತು ಹಾಡುತ್ತೇವೆ" ಎನ್ನುತ್ತಿದ್ದಾರೆ. ಹಾಗೆ ಮಾಡಬಹುದೇ? ಅತ್ತೆಗೆ ಒಳಗೆ ದೀಪ ಹಚ್ಚಬೇಕು, ಶುಕ್ರವಾರದ ಏಕಾದಶಿಗೆ ಉಪವಾಸವೂ ಬೇಕು. ಇನ್ನೊಂದು: ಮೂರು ಮನೆಯವರು ಸರದಿಯಲ್ಲಿ ಡಬ್ಬ ಕಳಿಸುತ್ತಾರೆ. ಖಾಲಿ ಪಾತ್ರೆ ವಾಪಸ್ ಕೊಡಬಾರದು, ಈಗ ಏನನ್ನೂ ತುಂಬಿ ಕೊಡುವ ಹಾಗಿಲ್ಲ ಎಂಬುದೇ ಅತ್ತೆಗೆ ದೊಡ್ಡ ಸಂಕಟ. ತಿಳಿದವರು ಹೇಳಿ.

ಡೊಂಬಿವಲಿ ತಾಳ
ಬೆಳಿಗ್ಗೆ 9.35

ಮೊದಲು ಗ್ಯಾಲರಿಯ ಮಾತು. ಬೇಡ ಅಕ್ಕ. ಹಾಡುವಾಗ ಮಾತಿಗಿಂತ ಹೆಚ್ಚು ಸಣ್ಣ ಹನಿಗಳು ಗಾಳಿಗೆ ಬರುತ್ತವೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯಲ್ಲಿ 2020ರ ಮಾರ್ಚ್ 10ರಂದು 61 ಮಂದಿ ಎರಡೂವರೆ ಗಂಟೆ ಹಾಡಿನ ಅಭ್ಯಾಸಕ್ಕೆ ಕೂತಿದ್ದರು. ಒಟ್ಟು 53 ಮಂದಿ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ನಾಲ್ಕೈದು ಅಡಿ ಅಗಲದ ಗ್ಯಾಲರಿಯಲ್ಲಿ ಎಂಟು ಜನ ನಿಂತು ದನಿ ಎತ್ತಿದರೆ ಅಪಾಯ ಅತ್ತೆಯಿಂದ ಅವರಿಗಷ್ಟೇ ಅಲ್ಲ, ಅವರೊಳಗೂ ಒಬ್ಬರಿಂದೊಬ್ಬರಿಗೆ. ಅವರ ಪ್ರೀತಿಗೆ ಫೋನಿನಲ್ಲೇ ಜಾಗ ಮಾಡಿ.

ನಿಮ್ಮ ಭಜನೆ ಕಲಸಿಹೋದದ್ದು ಯಾರ ತಪ್ಪೂ ಅಲ್ಲ. ಒಬ್ಬರ ಮನೆಯ ದನಿ ಇನ್ನೊಬ್ಬರ ಕಿವಿಗೆ ಮುಟ್ಟಲು ಇಂಟರ್ನೆಟ್ ಕಾಲ್‌ನಲ್ಲಿ ಸುಮಾರು ಕಾಲು ಸೆಕೆಂಡ್ ಹಿಡಿಯುತ್ತದೆ, ನೆಟ್ ಸೊರಗಿದಾಗ ಇನ್ನೂ ಹೆಚ್ಚು. ಭಜನೆಯ ಮಧ್ಯಮ ಲಯ ನಿಮಿಷಕ್ಕೆ 100 ಪೆಟ್ಟು ಎಂದುಕೊಳ್ಳಿ, ಒಂದು ಪೆಟ್ಟಿಗೆ 0.6 ಸೆಕೆಂಡ್. ಅಂದರೆ ಹತ್ತಿರ ಹತ್ತಿರ ಅರ್ಧ ಪೆಟ್ಟು ತಡ. ಹಾಲ್‌ನಲ್ಲಿ ಹತ್ತು ಮೀಟರ್ ಆಚೆ ಕೂತವರ ದನಿ ಬರೀ 0.03 ಸೆಕೆಂಡಿನಲ್ಲಿ ಬರುತ್ತದೆ, ಅದಕ್ಕೇ ಅಲ್ಲಿ ಲಯ ಕೂಡುತ್ತದೆ. ಫೋನಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕಾಯುತ್ತಾ ಲಯ ಎಳೆದೂ ಎಳೆದೂ ನಿಂತೇಹೋಗುತ್ತದೆ.

ಆದ್ದರಿಂದ ಒಂದು ಹಾಡಿಗೆ ಒಂದೇ ಮೈಕ್. ಉಳಿದವರೆಲ್ಲ ಮ್ಯೂಟ್ ಮಾಡಿ ತಮ್ಮ ಮನೆಯಲ್ಲೇ ಗಟ್ಟಿಯಾಗಿ ಹಾಡಲಿ. ಎತ್ತುಗಡೆಯವರು ಒಂದು ಸಾಲು ಹೇಳಿ ಸುಮ್ಮನೆ ನಿಂತರೆ ಕೇಳುವವರಿಗೆ ಬರೀ ಖಾಲಿ ಬರುತ್ತದೆ, ಕಾಲ್ ಕಡಿದುಹೋಯಿತು ಎಂದುಕೊಳ್ಳುತ್ತಾರೆ. ಮರುದನಿಯ ಸಾಲನ್ನೂ ಅವರೇ ಮೆಲ್ಲಗೆ ಹೇಳಬೇಕು. ಒಂದು ಮನೆಗೆ ಒಂದು ಹಾಡು, ಐದು ನಿಮಿಷ. ಮುಗಿದ ಮೇಲೆ ಮುಂದಿನ ಮನೆಯವರ ಹೆಸರು ಕರೆದು, ಅವರು ಮೈಕ್ ತೆರೆಯುವ ತನಕ ಮೂರು ನಾಲ್ಕು ಸೆಕೆಂಡ್ ಕಾಯಿರಿ. ಝೂಮ್‌ನ ಉಚಿತ ಕಾಲ್ 40 ನಿಮಿಷಕ್ಕೆ ಕಡಿಯುತ್ತದೆ, ಏಳು ಹಾಡು ಮತ್ತು ಮಂಗಳ ಅಂದರೆ ಅಷ್ಟಕ್ಕೇ ಸರಿ. ವಾಟ್ಸಾಪ್ ಕಾಲ್‌ನಲ್ಲಿ 2021ರ ಈ ಹೊತ್ತಿಗೆ ಎಂಟೇ ಜನ.

ತಾಳ ಕೇಳದಿರುವುದಕ್ಕೆ ಕಾರಣ, ಆ್ಯಪ್ ಅದನ್ನು ಗದ್ದಲವೆಂದು ಎಣಿಸಿ ಒರೆಸಿಬಿಡುತ್ತದೆ. ಶ್ರುತಿಪೆಟ್ಟಿಗೆಯದ್ದೂ ಇದೇ ಗತಿ, ಒಂದೇ ಸಮನೆ ಬರುವ ದನಿ ಅದಕ್ಕೆ ಫ್ಯಾನಿನ ಸದ್ದಿನಂತೆ ಕಾಣುತ್ತದೆ. ಝೂಮ್‌ನಲ್ಲಿ ಹಾಡುವವರು 'ಒರಿಜಿನಲ್ ಸೌಂಡ್' ಆನ್ ಮಾಡಿಕೊಳ್ಳಲಿ, ಆದರೆ ಆಗ ಇಯರ್‌ಫೋನ್ ಹಾಕಲೇಬೇಕು, ಇಲ್ಲವಾದರೆ ಪ್ರತಿಧ್ವನಿ ಶುರು. ತಾಳ ಫೋನಿನಿಂದ ಮೂರಡಿ ದೂರ ಇರಲಿ, ಹತ್ತಿರ ಹಿಡಿದರೆ ಪ್ರತಿ ಪೆಟ್ಟಿಗೂ ದನಿ ಮುಳುಗುತ್ತದೆ.

ಅತ್ತೆಯವರನ್ನು ಬರೀ ಕೇಳುವವರನ್ನಾಗಿ ಮಾಡಬೇಡಿ. ಉಸಿರು ಇಷ್ಟೇ ಇರುವಾಗಲೂ ಆಗುವ ಕೆಲಸ ಕೊಡಿ: ಹಾಡುಗಳ ಪಟ್ಟಿ ಅವರದು, ಪ್ರತಿ ಹಾಡಿಗೆ ಮುಂಚೆ ಹಾಡುವವರ ಹೆಸರು ಕರೆಯುವುದು ಅವರದು. ಇಡೀ ಮಂಡಳಿ ಅವರ ಮಾತಿಗೆ ಕಾಯುತ್ತದೆ.

ಭಾಂಡುಪ್ ಸೊಸೆ
ಬೆಳಿಗ್ಗೆ 10.02

ಅತ್ತೆಯ ಹತ್ತಿರ ಇರುವುದು ಬಟನ್ ಫೋನ್, ಅಣ್ಣ. ಝೂಮ್ ಬರುವುದಿಲ್ಲ.

ಡೊಂಬಿವಲಿ ತಾಳ
ಬೆಳಿಗ್ಗೆ 10.20

ಆಗುತ್ತದೆ. ನಿಮ್ಮ ಹತ್ತಿರ ಇನ್ನೊಂದು ಫೋನ್ ಇದ್ದರೆ ಝೂಮ್ ಅದರಲ್ಲಿರಲಿ, ನಿಮ್ಮ ಫೋನಿನಿಂದ ಅತ್ತೆಗೆ ಸಾದಾ ಕಾಲ್ ಮಾಡಿ ಎರಡನ್ನೂ ಸ್ಪೀಕರ್‌ನಲ್ಲಿ ಒಂದು ಗೇಣು ಅಂತರದಲ್ಲಿ ಇಡಿ. ಗುಂಯ್ ಎಂದು ಕೂಗಿದರೆ ಅಂತರ ಹೆಚ್ಚಿಸಿ. ಒಂದೇ ಫೋನ್ ಆದರೆ ಸಾದಾ ಕಾಲ್‌ನ ಕಾನ್ಫರೆನ್ಸ್ ಸಾಕು, ಹೆಚ್ಚೆಂದರೆ ಐವರನ್ನು ಸೇರಿಸಬಹುದು. ಹಳೆಯ 2ಜಿ ಕಾಲ್‌ನಲ್ಲಿ 3400 ಹರ್ಟ್ಜ್‌ಗಿಂತ ಮೇಲಿನ ದನಿ ದಾಟುವುದಿಲ್ಲ, ತಾಳದ ನಾದ ಬಹುಪಾಲು ಅದಕ್ಕಿಂತ ಮೇಲೆಯೇ ಇರುವುದು, ಹಾಗಾಗಿ ಬರೀ ಟಿಕ್ ಟಿಕ್ ಕೇಳುತ್ತದೆ. ಚಪ್ಪಾಳೆ ಹೊಡೆಯಿರಿ, ಚೆನ್ನಾಗಿ ದಾಟುತ್ತದೆ. ಮಂಗಳವಾರ ಸಂಜೆ ಹತ್ತು ನಿಮಿಷ ಒಂದು ಟ್ರಯಲ್ ಮಾಡಲೇಬೇಕು.

ಮುಲುಂಡ್ ಸಿಸ್ಟರ್
ಮಧ್ಯಾಹ್ನ 1.15

ದೀಪದ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ, ಬೇಸರ ಬೇಡ. ಸ್ಯಾನಿಟೈಸರ್‌ನಲ್ಲಿ ನೂರಕ್ಕೆ ಸುಮಾರು 70 ಭಾಗ ಆಲ್ಕೋಹಾಲ್. ಹಚ್ಚಿದ ಕೈ ಒದ್ದೆ ಇರುವಾಗಲೇ ಕಡ್ಡಿ ಗೀರಿದರೆ ಕೈಗೇ ಬೆಂಕಿ ಹತ್ತುತ್ತದೆ, ಆ ಉರಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಪೂಜೆಗೆ ಮುಂಚೆ ಕೈಗೆ ಸೋಪು ನೀರೇ ಆಗಬೇಕು, 20 ಸೆಕೆಂಡ್. ಊದುಬತ್ತಿ, ಕರ್ಪೂರ, ಧೂಪ ಆ ಖೋಲಿಯಲ್ಲಿ ಪೂರ್ತಿ ಬಂದ್. ಶ್ವಾಸಕೋಶ ಮೊದಲೇ ಬೇನೆಯಲ್ಲಿದೆ, ಹೊಗೆ ಕೆಮ್ಮು ಎಬ್ಬಿಸುತ್ತದೆ. ಕಿಟಕಿ ತೆರೆದಿಟ್ಟು ಒಂದು ಬತ್ತಿಯ ಎಣ್ಣೆ ದೀಪ, ಹಾಸಿಗೆಯಿಂದ ದೂರ, ಎಚ್ಚರ ಇರುವಾಗ ಮಾತ್ರ. ಮುಂದೆ ಆಕ್ಸಿಜನ್ ಸಿಲಿಂಡರ್ ಅಥವಾ ಯಂತ್ರ ಬಂದರೆ ಆ ಕೋಣೆಯಲ್ಲಿ ಕಿಡಿಯೂ ಕೂಡದು.

ಜಪ ಮನಸ್ಸಿನಲ್ಲಿ ಮಾಡಲಿ. ಸಂಜೆ ಫೋನಿನಲ್ಲಿ ಅವರಿಗೆ ಗೊತ್ತಿರುವ ಒಂದು ಸಾಲು ಹೇಳಿಸಿ: ಒಂದೇ ಉಸಿರಿಗೆ ಮುಗಿಸುತ್ತಿದ್ದ ಸಾಲನ್ನು ನಡುನಡುವೆ ನಿಲ್ಲಿಸಿ ಹೇಳುತ್ತಿದ್ದರೆ ಡಾಕ್ಟರಿಗೆ ತಿಳಿಸಿ. ಇದು ಆಕ್ಸಿಮೀಟರಿಗೆ ಬದಲಿ ಅಲ್ಲ. ಈ ಕಾಯಿಲೆಯಲ್ಲಿ ದಮ್ಮು ಕಾಣದೆಯೇ ಆಕ್ಸಿಜನ್ ಇಳಿಯಬಹುದು. ದಿನಕ್ಕೆ ನಾಲ್ಕು ಸಲ ನೋಡಿ. ಕೈ ಬೆಚ್ಚಗಿರಲಿ, ಬೆರಳಿಗೆ ಯುಗಾದಿಯ ಮೆಹಂದಿ, ಉಗುರುಬಣ್ಣ ಇದ್ದರೆ ಬೇರೆ ಬೆರಳು, ಅಂಕಿ ನಿಲ್ಲಲು ಒಂದು ನಿಮಿಷ ಬಿಡಿ. ಖೋಲಿಯೊಳಗೇ ಮೂರು ನಿಮಿಷ ನಡೆದ ಮೇಲೆ ಮತ್ತೆ ನೋಡಿ. 94ಕ್ಕಿಂತ ಕೆಳಗೆ ಬಂದರೆ, ಅಥವಾ ನಡೆಯುವ ಮೊದಲಿಗಿಂತ 3ಕ್ಕೂ ಹೆಚ್ಚು ಇಳಿದರೆ, ಕಾಯಬೇಡಿ: ಡಾಕ್ಟರಿಗೆ ಫೋನ್, ಬೆಡ್ ಬೇಕಾದರೆ ನಿಮ್ಮ ವಾರ್ಡಿನ ವಾರ್ ರೂಮ್ (ಪಾಲಿಕೆಯ ಕೊರೊನಾ ಸಹಾಯ ಕೇಂದ್ರ). ಆ ನಂಬರ್ ಈಗಲೇ ಗೋಡೆಗೆ ಅಂಟಿಸಿ.

ಘಾಟ್‌ಕೋಪರ್ ಭಟ್ರು
ಮಧ್ಯಾಹ್ನ 3.40

ಅಮ್ಮನಿಗೆ ಹೇಳಿ: ಜ್ವರದಲ್ಲಿರುವವರಿಗೆ ಉಪವಾಸದ ಕಟ್ಟಿಲ್ಲ. ವ್ರತವನ್ನು ಕೆಡಿಸದವು ಎಂದು ಮಹಾಭಾರತದಲ್ಲೇ ಎಂಟನ್ನು ಎಣಿಸಿದ್ದಾರೆ. ನೀರು, ಗೆಡ್ಡೆ, ಹಣ್ಣು, ಹಾಲು ಅದರಲ್ಲಿವೆ, ಗುರುವಿನ ಮಾತಿದೆ, ಔಷಧಿಯೂ ಇದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಕುಸಿದು ಬೀಳುತ್ತಾರೆ, ಅದು ವ್ರತವಲ್ಲ. ಶುಕ್ರವಾರ ಹೊತ್ತಿಗೆ ಸರಿಯಾಗಿ ಉಣ್ಣಲಿ. ರಾಮನವಮಿಗೂ ಬೆಲ್ಲದ ಪಾನಕ ಬೇಡ, ನೀರು ಮಜ್ಜಿಗೆ ರಾಮನ ನೈವೇದ್ಯವೇ ತಾನೆ. ಶುಂಠಿ, ಇಂಗು, ಚಿಟಿಕೆ ಉಪ್ಪು ಹಾಕಿ ಕೊಡಿ. ಹೆಸರುಬೇಳೆ ಒಂದು ಗಂಟೆ ನೆನೆಸಿ ಕೋಸಂಬರಿ ಮಾಡಿ.

ಹೊಗೆ ಇಲ್ಲದೆ ಪೂಜೆ ಹೇಗೆ ಎಂದರೆ, ಮಾನಸ ಪೂಜೆ. ಹದಿನಾರು ಉಪಚಾರ ಈ ಸುಸ್ತಿನಲ್ಲಿ ನೆನಪಿಗೆ ನಿಲ್ಲುವುದಿಲ್ಲ, ಅರ್ಧಕ್ಕೆ ತಪ್ಪಿದರೆ ಅದೇ ಇನ್ನೊಂದು ಕೊರಗು. ಐದು ಸಾಕು: ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದೊಂದು ಬೆರಳು ಮುಟ್ಟಿ, ಒಂದೊಂದಕ್ಕೆ ಎರಡು ನಿಮಿಷ. ಹೂವು ಎಂದರೆ ಬರೀ ಹೂವಲ್ಲ, ಯಾವ ಹೂವು, ಯಾವ ಬಣ್ಣ, ಯಾರ ಮನೆಯ ಗಿಡದ್ದು ಎಂದು ಕಾಣುವ ತನಕ ನಿಲ್ಲಬೇಕು. ಜಪದ ಎಣಿಕೆಗೆ ಮಣಿ ಬೇಕಿಲ್ಲ. ನಾಲ್ಕು ಬೆರಳಿನ ಗಣ್ಣು ಹನ್ನೆರಡು, ಒಂಬತ್ತು ಸುತ್ತಿಗೆ 108. ಹೊತ್ತು ಮಾತ್ರ ಕಟ್ಟುನಿಟ್ಟು ಇರಲಿ, ಅವರು ದೇವಸ್ಥಾನಕ್ಕೆ ಹೋಗುತ್ತಿದ್ದ ಅದೇ ಹೊತ್ತು. ಒಂಟಿ ಕೋಣೆಯಲ್ಲಿ ದಿನಕ್ಕೆ ಅಂಚು ಇರುವುದಿಲ್ಲ, ಅಂಚಿಲ್ಲದ ದಿನದಲ್ಲೇ ಆ ಪಾಪದ ಯೋಚನೆ ನುಗ್ಗುವುದು.

ಆ ಮಾತು ಬಂದಾಗ ವಾದ ಮಾಡಬೇಡಿ ತಂಗಿ. "ಹಾಗೆಲ್ಲ ಅನ್ನಬೇಡಿ" ಎಂದರೆ ಆಮೇಲೆ ಹೇಳುವುದನ್ನೇ ಬಿಡುತ್ತಾರೆ. ಪೂರ್ತಿ ಕೇಳಿ. ಅಂಟುವ ಕಾಯಿಲೆ ಪುಣ್ಯವಂತರನ್ನು ಬಿಟ್ಟು ಹೋಗುವುದಿಲ್ಲ: 1897ರಲ್ಲಿ ಪುಣೆಯ ಪ್ಲೇಗ್‌ನಲ್ಲಿ ರೋಗಿಗಳ ಸೇವೆಗೆ ನಿಂತ ಸಾವಿತ್ರಿಬಾಯಿ ಫುಲೆ ಅದೇ ಪ್ಲೇಗ್ ತಗಲಿ ಮಾರ್ಚ್ 10ರಂದು ತೀರಿಕೊಂಡರು. ಅದನ್ನು ಪಾಪದ ಫಲ ಎನ್ನಲು ಯಾರಿಗೆ ಬಾಯಿ ಬಂದೀತು?

ಖೋಲಿ ನಂಬರ್ 9
ಸಂಜೆ 6.05

ಡಬ್ಬದ ಸಂಕಟಕ್ಕೆ. ಈ 17 ದಿನ ಅತ್ತೆಯ ತಟ್ಟೆ, ಲೋಟ, ಎರಡು ಪಾತ್ರೆ ಅವರ ಖೋಲಿಯಲ್ಲೇ ಇರಲಿ, ಅಲ್ಲಿಯ ಮೋರಿಯಲ್ಲೇ (ಖೋಲಿಯೊಳಗಿನ ತೊಳೆಯುವ ಮೂಲೆಯಲ್ಲೇ) ಸೋಪಿನಿಂದ ತೊಳೆದುಕೊಳ್ಳಲಿ. ಬಾಗಿಲ ಹೊರಗೆ ಸ್ಟೂಲು, ಅದರ ಮೇಲೆ ಅವರದೇ ಪಾತ್ರೆ. ತಂದವರು ಅದಕ್ಕೆ ಸುರಿದು, ಬಾಗಿಲು ತಟ್ಟಿ, ಆರಡಿ ಹಿಂದೆ ಸರಿಯಲಿ. ಆಮೇಲೆ ಅತ್ತೆ ಮಾಸ್ಕ್ ಹಾಕಿ ತೆಗೆದುಕೊಳ್ಳಲಿ. ಡಬ್ಬ ತಂದವರ ಕೈಯಲ್ಲೇ ವಾಪಸ್, ಖಾಲಿ ಮರಳಿಸುವ ಪ್ರಶ್ನೆಯೇ ಏಳುವುದಿಲ್ಲ. ಮೂರು ಮನೆಯವರಿಗೆ ವಾರ ಹಂಚಿ, ಯಾವ ದಿನ ಏನು ಎಂದು ಹಿಂದಿನ ರಾತ್ರಿಯೇ ತಿಳಿಸಿ. ಹೇಳದಿದ್ದರೆ ಒಂದೇ ದಿನ ಮೂರು ಮನೆಯಿಂದ ಸಾರು, ಮಾರನೆ ದಿನ ಯಾವುದೂ ಇಲ್ಲ. ಹೀಗೆ ತಪ್ಪಿದಾಗಲೇ ಉಪಕಾರ ಮಾಡುವವರ ಉತ್ಸಾಹ ಒಡೆಯುವುದು.

ಉಪಕಾರ ತೀರಿಸಬೇಕೆಂಬುದು ಅತ್ತೆಯ ಆಸೆಯಾದರೆ ಈಗಲೇ ಆಗುವ ದಾರಿಗಳಿವೆ. ಹೊರಗಿನ ಸಂಡಾಸ್ ಬಳಸುತ್ತಿದ್ದರೆ ಬೇರೆಯವರ ಹೊತ್ತು ತಪ್ಪಿಸಿ ಹೋಗುವುದು, ಸ್ವಂತ ಮಗ್ಗು, ಮಾಸ್ಕ್, ಬಂದ ಮೇಲೆ ಕಿಟಕಿ ತೆರೆದಿಡುವುದು. ನೂರಕ್ಕೆ 3.5 ಭಾಗದ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಒಂದು ಅಳತೆಗೆ ಎರಡೂವರೆ ಅಳತೆ ನೀರು ಬೆರೆಸಿ ಆ ಸಂಡಾಸನ್ನು ನೀವು ಒರೆಸಿ, ಆ್ಯಸಿಡ್ ಇರುವ ಸಂಡಾಸ್ ಕ್ಲೀನರ್ ಜೊತೆ ಮಾತ್ರ ಎಂದೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ. ಅವರ ಮಾಸ್ಕ್, ಟಿಶ್ಯೂ ಹಳದಿ ಚೀಲದಲ್ಲಿ ಬೇರೆಯಾಗಿ ಪಾಲಿಕೆಯವರಿಗೆ. ನಿಮ್ಮ ಮನೆಯ ಮಾಸ್ಕ್‌ಗಳನ್ನು ಕತ್ತರಿಸಿ 72 ಗಂಟೆ ಕಾಗದದ ಚೀಲದಲ್ಲಿಟ್ಟು ಒಣ ಕಸಕ್ಕೆ ಹಾಕಿ. ಕಸ ಒಯ್ಯುವವರು ಬರಿಗೈಯಲ್ಲಿ ಹೆಕ್ಕುತ್ತಾರೆ, ಅವರಿಗೆ ಕೈಮುಗಿಯುವುದಕ್ಕಿಂತ ಇದು ಮೊದಲು ಆಗಬೇಕು.

ಒಂದು ಸಣ್ಣ ನೋಟ್‌ಬುಕ್, ಪೆನ್ನು ಕೊಡಿ. ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್, ಮೈಕೆಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ವಾರ, ವಾರಕ್ಕೊಮ್ಮೆ, ಕೃತಜ್ಞತೆ ಅನಿಸಿದ ಐದರವರೆಗೆ ಸಂಗತಿ ಬರೆದವರು, ಕಿರಿಕಿರಿ ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ನೆಮ್ಮದಿ ಹೇಳಿಕೊಂಡರು. ಆದರೆ ದಿನವೂ "ದೇವರು, ಮಕ್ಕಳು, ಆರೋಗ್ಯ" ಎಂದೇ ಬರೆದರೆ ಮೂರನೇ ದಿನಕ್ಕೆ ಒಣಗುತ್ತದೆ. ಯಾರು, ಏನು, ಎಷ್ಟು ಹೊತ್ತಿಗೆ ಎಂದು ಬರೆಯಲಿ: "7ನೇ ನಂಬರಿನ ಹುಡುಗ ನೀರಿನ ಬಿಂದಿಗೆ ತಂದಿಟ್ಟ, ಬೆಳಿಗ್ಗೆ ಆರು." ಬರೆಯಲು ಮನಸ್ಸಿಲ್ಲದ ದಿನ ಬಲವಂತ ಬೇಡ. ಬಿಡುಗಡೆಯಾದ ಮೇಲೆ ಅದೇ ಪುಟ ತೆರೆದು ಒಬ್ಬೊಬ್ಬರ ಬಾಗಿಲಿಗೂ ಹೋಗಬಹುದು, ತುಂಬಿದ ಪಾತ್ರೆಯ ಜೊತೆಗೆ.

ಮುಲುಂಡ್ ಸಿಸ್ಟರ್
ಸಂಜೆ 6.30

ವಾಸನೆ ಹೋಗಿ ಎರಡು ವಾರವಾದರೂ ಬಾರದಿದ್ದರೆ ಪೂಜಾ ಡಬ್ಬಿಯೇ ಔಷಧಿ: ಲವಂಗ, ಗುಲಾಬಿ, ನಿಂಬೆ, ನೀಲಗಿರಿ. ಒಂದೊಂದನ್ನು 20 ಸೆಕೆಂಡ್, ಬೆಳಿಗ್ಗೆ ಸಂಜೆ, ಮೊದಲಿನ ಪರಿಮಳ ನೆನೆಯುತ್ತಾ ಮೂಸಬೇಕು. ತಿಂಗಳುಗಟ್ಟಲೆ ಮಾಡಬೇಕಾದೀತು.

ಭಾಂಡುಪ್ ಸೊಸೆ
ರಾತ್ರಿ 9.20

ಎಲ್ಲವನ್ನೂ ಬಾಗಿಲಾಚೆಯಿಂದ ಓದಿ ಹೇಳಿದೆ. ಗ್ಯಾಲರಿಯವರೂ ಒಪ್ಪಿದರು. ಟ್ರಯಲ್ ಮಂಗಳವಾರ 6 ಗಂಟೆಗೆ. ಅತ್ತೆ ಪಟ್ಟಿ ಶುರು ಮಾಡಿದ್ದಾರೆ, ಏಳರ ಬದಲು ಹನ್ನೊಂದು ಹಾಡಾಗಿದೆ, ಯಾವುದನ್ನೂ ಬಿಡಲು ಒಪ್ಪುತ್ತಿಲ್ಲ.

ಡೊಂಬಿವಲಿ ತಾಳ
ರಾತ್ರಿ 9.31

ಬಿಡುವುದು ಬೇಡ. 40 ನಿಮಿಷಕ್ಕೆ ಕಡಿದ ಮೇಲೆ ಅದೇ ಲಿಂಕ್‌ನಲ್ಲಿ ಮತ್ತೆ ಸೇರಿ. ನಡುವೆ ಐದು ನಿಮಿಷ ಅಮ್ಮ ಮಜ್ಜಿಗೆ ಕುಡಿಯಲಿ.